ನಿಂತು ಮಾತಾಡುವವರ ಮನೆ

ನಮ್ಮಪ್ಪ ನಡೆಯುತ್ತಾ ಮಾತಾಡಿದ್ದನ್ನು ನಾನು ನೋಡಿಯೇ ಇಲ್ಲ. ಮಾತಾಡಬೇಕಾದರೆ ನಿಲ್ಲುತ್ತಿದ್ದ, ನಡೆಯಬೇಕಾದರೆ ಸುಮ್ಮನಾಗುತ್ತಿದ್ದ. ಹೆಮ್ಮಿಗೆಯ ನಮ್ಮ ಮನೆಯಿಂದ ನಾಲೆ ದಾಟಿ ಗದ್ದೆಗೆ ಹೋಗುವ ದಾರಿ ಏನೂ ದೂರದ್ದಲ್ಲ. ಊರಿನ ಬೇರೆ ಗಂಡಸರು ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ತಲುಪುತ್ತಿದ್ದರು. ಅಪ್ಪ ಯಾವಾಗ ತಲುಪುತ್ತಾನೆ ಅನ್ನುವುದು ಮಾತ್ರ ದಾರಿಯಲ್ಲಿ ಯಾರು ಯಾರು ಸಿಗುತ್ತಾರೆ ಅನ್ನುವುದರ ಮೇಲೆ. ಯಾರಾದರೂ ಸುಮ್ಮನೆ ಬಾಯಿ ಮಾತಿಗೆ, ಏನಣ್ಣ ಗದ್ದೆ ಕಡೀಕಾ ಅಂದರೂ ಸಾಕು, ಎರಡು ಪಾದವನ್ನೂ ಜೋಡಿಸಿ ನಿಂತು, ಹೆಗಲ ಮೇಲಿನ ಗುದ್ದಲಿ ಕೆಳಗಿಳಿಸಿ, ಊಂ ಕಣಪ್ಪ ಗದ್ದೆ ಕಡೀಕೆ ಅನ್ನುವನು. ಕೇಳಿದವನು ಅಷ್ಟು ಹೊತ್ತಿಗೆ ಬೀದಿ ತಿರುಗಿ ಹೋಗಿಯೇಬಿಟ್ಟಿರುತ್ತಿದ್ದ. ಸೈಕಲ್ ಮೇಲಿದ್ದರೆ ಇನ್ನೂ ಚೆಂದ. ನರಸೀಪುರಕ್ಕೆ ಹೊರಟವನನ್ನು ಎದುರಿಗೆ ಬಂದವರು ಊಟ ಆಯ್ತಾ ಅಂತ ಕೇಳಿದರೆ, ಇಳಿದು, ಸ್ಟ್ಯಾಂಡು ಹಾಕಿ, ಆಮೇಲೆ ಆಯ್ತು ಅನ್ನುತ್ತಿದ್ದ.

ಅಪ್ಪನ ಈ ಗುಣ ನನಗೂ ಬಂದಿದೆ ಅಂತ ಗೊತ್ತಾಗಿದ್ದು ಮೊನ್ನೆ ಮೊನ್ನೆ. ಈಗ ನಾನಿರುವುದು ನಂಜನಗೂಡಿನಲ್ಲಿ, ಮಗಳು ಸುಮ ಮತ್ತು ಅಳಿಯನ ಜೊತೆ. ಬಹಳ ವರ್ಷ ಇದೇ ಊರಿನಲ್ಲಿ ಹೊಲಿಗೆ ಕ್ಲಾಸು ನಡೆಸಿದವಳು ನಾನು. ಮಿಷನ್ನು ಬಿಟ್ಟ ಮೇಲೆ ಉಳಿದಿರುವ ಚಟ ಒಂದೇ, ಬೆಳಿಗ್ಗೆ ಎದ್ದು ಒಬ್ಬಳೇ ಕಪಿಲೆಯವರೆಗೆ ನಡೆದು, ಮೆಟ್ಟಿಲ ಮೇಲೆ ಒಂದಷ್ಟು ಹೊತ್ತು ಕೂತು, ನೀರು ನೋಡಿಕೊಂಡು ಬರುವುದು. ಸುಮ ಕೈಗಾರಿಕಾ ಪ್ರದೇಶದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಹೊರಡುವ ಗಡಿಬಿಡಿಯಲ್ಲೂ ನನಗೆ ಫೋನು ಮಾಡುವುದನ್ನು ತಪ್ಪಿಸುವುದಿಲ್ಲ. ಎಲ್ಲಿದ್ದೀಯಮ್ಮ, ಹುಷಾರು, ಅಂತ. ಒಂದು ದಿನ ನಾನು ಪೇಟೆ ಬೀದಿ ದಾಟುತ್ತಿರುವಾಗ ಫೋನು ಬಂತು. ಬೀರುವಿನ ಬೀಗದ ಕೈ ಎಲ್ಲಿಟ್ಟಿದ್ದೀಯ ಅಂತ ಕೇಳಿದಳು. ಎಲ್ಲಿಟ್ಟೆ, ದೇವರ ಗೂಡಿನಲ್ಲೋ ದಿಂಬಿನ ಕೆಳಗೋ ಅಂತ ಯೋಚಿಸುತ್ತಾ ರಸ್ತೆಯ ನಡುವೆ ನಿಂತುಬಿಟ್ಟೆ. ಒಬ್ಬ ಸ್ಕೂಟರಿನವನು ಜೋರಾಗಿ ಹಾರ್ನು ಹೊಡೆದು ಬ್ರೇಕು ಹಾಕಿ, ಏನಜ್ಜಿ ರಸ್ತೇಲಿ ನಿಂತ್ಕೊಂಡು ಮೀಟಿಂಗಾ ಅಂದು ಸುತ್ತಿಕೊಂಡು ಹೋದ. ಆ ಹಾರ್ನು ಮಗಳಿಗೆ ಫೋನಿನಲ್ಲಿ ಕೇಳಿಸಿತು, ಅಲ್ಲಿಗೆ ನನ್ನ ಕಥೆ ಮುಗಿಯಿತು. ಆವತ್ತೇ ತೀರ್ಪು: ಇನ್ನು ಮೇಲೆ ಅಮ್ಮ ಒಬ್ಬಳೇ ನದಿಗೆ ಹೋಗೋ ಹಾಗಿಲ್ಲ.

ತೀರ್ಪಿನ ಹಿಂದೆಯೇ ಮೈಸೂರಿನ ಡಾಕ್ಟರು. ಚಿಕ್ಕ ವಯಸ್ಸಿನವರು, ಒಳ್ಳೆಯವರು. ಉದ್ದನೆಯ ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯಿರಿ ಅಂದರು, ಸೊಗಸಾಗಿ ನಡೆದೆ. ಈಗ ಐವತ್ತರಿಂದ ಮೂರು ಮೂರು ಕಳೆಯುತ್ತಾ, ಗಟ್ಟಿಯಾಗಿ ಹೇಳುತ್ತಾ ನಡೆಯಿರಿ ಅಂದರು. ನಲವತ್ತೇಳು ಅಂದೆ, ನಡೆದೆ. ನಲವತ್ತನಾಲ್ಕು ಅನ್ನುವಾಗ ಕಾಲು ಎಳೆಯಿತು. ಅದರ ಮುಂದಿನದ್ದಕ್ಕೆ ಎರಡು ಪಾದ ಜೋಡಿಸಿ ನಿಂತೇಬಿಟ್ಟೆ. ಸುಮಳ ಮುಖ ಸಣ್ಣಗಾಯಿತು. ನಿಜ ಹೇಳಬೇಕೆಂದರೆ ನನಗೂ, ತಲೆ ಮಂಕಾಗುತ್ತಿದೆಯೇನೋ, ಇನ್ನು ನನ್ನನ್ನು ಕೈ ಹಿಡಿದುಕೊಂಡೇ ಓಡಾಡಿಸುತ್ತಾರೇನೋ ಅನ್ನುವ ಭಯ. ಡಾಕ್ಟರು ಹೆದರಿಸಲಿಲ್ಲ. ನಡಿಗೆ ತನ್ನಷ್ಟಕ್ಕೆ ತಾನು ಆಗುತ್ತದೆ ಅಂದುಕೊಂಡಿರುತ್ತೇವೆ, ಆದರೆ ಅದಕ್ಕೂ ತಲೆ ಕೆಲಸ ಮಾಡಬೇಕು, ಲೆಕ್ಕಕ್ಕೂ ಅದೇ ತಲೆ ಬೇಕು, ಎರಡೂ ಒಟ್ಟಿಗೆ ಬಂದರೆ ಯಾರಾದರೂ ಒಂದಿಷ್ಟು ನಿಧಾನವಾಗುತ್ತಾರೆ, ವಯಸ್ಸಾದವರು ಇನ್ನೂ ಸ್ವಲ್ಪ ಹೆಚ್ಚು ಅಂದರು. ನೆನಪು, ಕಣ್ಣು, ಬಿ.ಪಿ. ಎಲ್ಲ ನೋಡಿ, ವಯಸ್ಸಿಗೆ ತಕ್ಕ ಹಾಗಿದೆ, ಬೀಳದ ಹಾಗೆ ನೋಡಿಕೊಳ್ಳಿ ಅಂತ ಕಳಿಸಿದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಸುಮ, ಭಾನುವಾರ ನನಗೆ ರಜ ಇರ್ತದಲ್ಲ, ಆವತ್ತು ಮಾತ್ರ ಇಬ್ಬರೂ ಹೋಗೋಣ ಅಂದಳು. ಅವಳ ಅಕ್ಕರೆ ನನಗೆ ಗೊತ್ತು, ಆದರೂ ಕೋಪ ಬಂತು. ನನ್ನ ಬೆಳಗು ನನ್ನದು. ಅದು ಹೋದರೆ ನಾನು ಮನೆಯೊಳಗಿನ ಒಂದು ಸಾಮಾನಾಗುತ್ತೇನೆ. ಹಾಗೆ ಮುಖ ಊದಿಸಿಕೊಂಡು ಕೂತಿರುವಾಗಲೇ ನಮ್ಮಪ್ಪ ಕಣ್ಣ ಮುಂದೆ ಬಂದ, ಗುದ್ದಲಿ ಇಳಿಸಿಕೊಂಡು, ಪಾದ ಜೋಡಿಸಿಕೊಂಡು. ನನಗೆ ನಗು ತಡೆಯಲಾಗಲಿಲ್ಲ.

ಹೆಮ್ಮಿಗೆಯ ಮನೆ ದೊಡ್ಡದೇ ಇತ್ತು, ಆದರೆ ನಾವು ಬದುಕಿದ್ದೆಲ್ಲ ಅಡುಗೆಮನೆಯ ಬಾಗಿಲಿನ ಆಚೆ ಈಚೆ. ಮುಂದೆ ಜಗಲಿ, ಅದನ್ನು ದಾಟಿದರೆ ನಡುಮನೆ, ಅದರ ಮೂಲೆಯಲ್ಲಿ ರಾಗಿ ತುಂಬಿದ ಮಣ್ಣಿನ ವಾಡೆ, ಮೇಲೆ ಅಟ್ಟ. ಅಡುಗೆಮನೆಗೂ ಕೊಟ್ಟಿಗೆಗೂ ಒಂದೇ ಗೋಡೆ, ಹಸು ಉಸಿರು ಬಿಟ್ಟರೆ ಒಲೆಯ ಮುಂದೆ ಕೇಳಿಸುತ್ತಿತ್ತು. ಮನೆಯಲ್ಲಿ ನಾವು ಐದೇ ಜನ: ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ಅಪ್ಪ, ಅವ್ವ, ಅಪ್ಪನ ತಮ್ಮ ಚಿಕ್ಕಪ್ಪ, ನಾನು. ಯಜಮಾನಿಕೆ ಎಲ್ಲ ಅಜ್ಜಿಯದು. ಅವಳು ಮಾತಿಗೊಂದು ಕಾನೂನು ಮಾಡುವವಳು. ಹೊಸಿಲ ಮೇಲೆ ಕೂರಬಾರದು, ಮೊರ ಮಗುಚಬಾರದು, ಸಂಜೆ ಹೊತ್ತು ಉಪ್ಪು ಕೊಡಬಾರದು. ಈ ಎಲ್ಲ ಕಾನೂನುಗಳಿಗಿಂತ ದೊಡ್ಡದು ಹಿಟ್ಟಿನ ಕಾನೂನು. ನಮ್ಮ ಕಡೆ ರಾಗಿಮುದ್ದೆಗೆ ಹಿಟ್ಟು ಅಂತಲೇ ಹೆಸರು. ಬೆಂದ ಹಿಟ್ಟನ್ನು ಪಾತ್ರೆಯಲ್ಲಿ ದೊಣ್ಣೆ ಹಾಕಿ ತೊಳಸುವುದು ಅಂದರೆ ಆಟವಲ್ಲ, ರಟ್ಟೆ ಬೇಕು, ಅದಕ್ಕಿಂತ ಹೆಚ್ಚಾಗಿ ಗಮನ ಬೇಕು. ಒಂದು ಕ್ಷಣ ಕೈ ತಡವಾದರೆ ಗಂಟು. ಅದಕ್ಕೆ ತೊಳಸುವವರನ್ನು ಯಾರೂ ಮಾತಾಡಿಸಕೂಡದು. ಊರಿನ ಪಟೇಲರೇ ಬಾಗಿಲಲ್ಲಿ ಬಂದು ನಿಂತರೂ ಸರಿ, ಹಿಟ್ಟು ಕೆಳಗಿಳಿಯುವವರೆಗೆ ಕಾಯಬೇಕು. ಗಂಟಾಯಿತು ಅನ್ನಿ, ಅಜ್ಜಿ ತೊಳಸಿದವರನ್ನು ಬೈಯುತ್ತಿರಲಿಲ್ಲ. ಆಗ ಬಾಯಿ ಬಿಟ್ಟವರು ಯಾರು ಅಂತ ಹುಡುಕಿ ಹುಡುಕಿ ಬೈಯುತ್ತಿದ್ದಳು.

ಅಪ್ಪನ ಬಗ್ಗೆ ಮಾತ್ರ ಅವಳಿಗೆ ಒಳಗೊಳಗೇ ಕೊರಗು. ದೊಡ್ಡವನು ಕೆಟ್ಟವನಲ್ಲ, ಏನು ಮಾಡೋದು, ನಿಧಾನ, ಅನ್ನುತ್ತಿದ್ದಳು. ನಿಧಾನ ಅನ್ನುವಾಗ ದನಿ ಇಳಿಸುತ್ತಿದ್ದಳು, ಅದು ಯಾವುದೋ ಕಾಯಿಲೆಯ ಹೆಸರು ಅನ್ನುವ ಹಾಗೆ. ಅದಕ್ಕೇ ನರಸೀಪುರದ ವ್ಯವಹಾರಕ್ಕೆಲ್ಲ ಚಿಕ್ಕಪ್ಪನನ್ನೇ ಅಟ್ಟುತ್ತಿದ್ದಳು. ಚಿಕ್ಕಪ್ಪನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ನಡೆಯುತ್ತಾ, ಉಣ್ಣುತ್ತಾ, ಹಲ್ಲುಜ್ಜುತ್ತಾ ಮಾತಾಡುವವನು. ನಿದ್ದೆಯಲ್ಲೂ ಬಾಯಿ ನಿಲ್ಲುತ್ತಿರಲಿಲ್ಲ. ಅಣ್ಣಂಗೆ ಇರೋದು ಒಂದೇ ಎತ್ತು, ಬಾಯಿಗೂ ಕಾಲಿಗೂ ಅದನ್ನೇ ಕಟ್ಟಬೇಕು ಅಂತ ಆಡಿಕೊಳ್ಳುತ್ತಿದ್ದ. ಅಪ್ಪ ಅದನ್ನು ಕೇಳಿ ತಾನೂ ನಗುತ್ತಿದ್ದ. ನನಗೆ ಮಾತ್ರ ಉರಿಯುತ್ತಿತ್ತು. ಸ್ಕೂಲಿನಲ್ಲಿ ಹುಡುಗಿಯರು ಅಪ್ಪನ ಹಾಗೆ ಪಾದ ಜೋಡಿಸಿ ನಿಂತು, ಊಂ ಕಣಪ್ಪ ಅಂತ ಅಣಕಿಸಿದರೆ ಅವರ ಜಡೆ ಹಿಡಿದು ಎಳೆಯುತ್ತಿದ್ದೆ. ನಮ್ಮಪ್ಪ ಮಂಕ ಅಲ್ಲ ಅಂತ ಜಗಳ ಆಡುತ್ತಿದ್ದೆ. ಜಗಳ ಮುಗಿದ ಮೇಲೆ, ಅಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಏನು ಸಾಕ್ಷಿ ಇದೆ ಅಂತ ಯೋಚನೆಯಾಗುತ್ತಿತ್ತು.

ಅವ್ವ ಅಪ್ಪನಿಗೆ ಪೂರ್ತಿ ತದ್ವಿರುದ್ಧ. ತಗಡೂರಿನ ಹೆಣ್ಣು, ತವರಿನಲ್ಲಿ ಚರಕ ತಿರುಗಿಸಿ ನೂಲು ತೆಗೆದ ಕೈ, ಆ ಕೈಯ ಚುರುಕು ನೋಡಿಯೇ ಅಜ್ಜಿ ತಂದದ್ದಂತೆ. ಒಲೆಯ ಮೇಲೆ ಸಾರು, ಮಡಿಲಲ್ಲಿ ನನ್ನ ತಲೆ, ಕಾಲಿನ ಹತ್ತಿರ ಅವರೆಕಾಯಿ ಮೊರ, ಬಾಯಲ್ಲಿ ಅಜ್ಜಿಯ ಪ್ರಶ್ನೆಗೆ ಉತ್ತರ. ಎಲ್ಲ ಒಟ್ಟಿಗೆ. ನೆಂಟರು ಬಂದರೆ ಅಜ್ಜಿ ಸೊಸೆಯನ್ನು ಹೊಗಳುತ್ತಿದ್ದದ್ದೇ ಈ ಮಾತಿಂದ, ಎರಡು ಕೈಯಲ್ಲಿ ನಾಲ್ಕು ಕೆಲಸ ಮಾಡೋಳು ನಮ್ಮುಡುಗಿ, ಅಂತ. ಅವ್ವನಿಗೂ ಆ ಹೆಸರು ಇಷ್ಟ. ಆ ಹೆಸರು ಇದ್ದದ್ದಕ್ಕೇ ಮನೆಯ ಎಲ್ಲ ಕೆಲಸ ಅವಳ ತಲೆಗೇ ಬರುತ್ತಿತ್ತು ಅನ್ನುವುದು ಅವಳಿಗೆ ಗೊತ್ತಿತ್ತೋ ಇಲ್ಲವೋ. ನಾನಂತೂ ದೊಡ್ಡವಳಾದ ಮೇಲೆ ಅವ್ವನ ಹಾಗೆ ಆಗಬೇಕು, ಅಪ್ಪನ ಹಾಗೆ ಖಂಡಿತ ಅಲ್ಲ, ಅಂತ ತೀರ್ಮಾನ ಮಾಡಿಕೊಂಡಿದ್ದೆ.

ಆ ವರ್ಷದ ನಾಟಿಯ ದಿನ ನನ್ನ ತೀರ್ಮಾನ ಅಲುಗಾಡಿತು. ನಾಟಿ ಅಂದರೆ ನಮ್ಮ ಮನೆಗೆ ಹಬ್ಬಕ್ಕಿಂತ ಹೆಚ್ಚು. ಬೆಳಿಗ್ಗೆಯೇ ನಾಟಿ ಹೆಂಗಸರು ಸಾಲಾಗಿ ಗದ್ದೆಗೆ ಇಳಿಯುತ್ತಿದ್ದರು, ಅವರ ಮುಂದಾಳು ಸಣ್ಣಮ್ಮ. ಅಜ್ಜಿ ಬದುವಿನ ಮೇಲೆ ಕೊಡೆ ಹಿಡಿದು ಕೂತು ನೋಡಿಕೊಳ್ಳುವಳು. ಅಪ್ಪ ಪೈರಿನ ಕಟ್ಟು ಹೊತ್ತು ಹೊತ್ತು ತಂದು ಹರಡುವನು. ಚಿಕ್ಕಪ್ಪ ಪಕ್ಕದ ಮಡಿಯಲ್ಲಿ ಎತ್ತು ಕಟ್ಟಿ ಕೆಸರು ಮಟ್ಟ ಮಾಡುವನು. ಒಂದು ವಿಚಿತ್ರ ಅಲ್ಲೇ ನೋಡಿದ್ದೆ ನಾನು. ಹೆಂಗಸರು ಪದ ಹಾಡುವಾಗ ಕೈ ಸರಸರ ಓಡುತ್ತಿತ್ತು. ಅದೇ ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾಕೆ ಹೋದಳು ಅಂತ ಮಾತು ಶುರುವಾದರೆ ಪೈರು ಕೈಯಲ್ಲೇ ನಿಲ್ಲುತ್ತಿತ್ತು. ಹಾಡು ಬಾಯಿಗೆ ಬಂದುಬಿಟ್ಟಿದೆ, ಅದಕ್ಕೆ ಯೋಚನೆ ಬೇಡ. ಮಾತಿಗೆ ಯೋಚನೆ ಬೇಕು. ಅಜ್ಜಿಗೂ ಅದು ಗೊತ್ತಿತ್ತು. ಮಾತು ಏರಿತು ಅಂದರೆ ಸಾಕು, ಒಂದು ಪದ ಎತ್ತು ಸಣ್ಣಮ್ಮ ಅನ್ನುತ್ತಿದ್ದಳು, ಬೈದ ಹಾಗೂ ಇಲ್ಲ, ಕೆಲಸವೂ ಓಡಿತು.

ಮಧ್ಯಾಹ್ನದ ಊಟ ಹೊತ್ತು ತರುವುದು ಅವ್ವನ ಕೆಲಸ. ದೊಡ್ಡ ಮಂಕರಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಹಿಟ್ಟು, ಅದರ ನಡುವೆ ಅವರೆಕಾಳಿನ ಸಾರಿನ ಪಾತ್ರೆ, ತಲೆಯ ಮೇಲೆ ಸೀರೆ ಸುತ್ತಿದ ಸಿಂಬಿ, ಸಿಂಬಿಯ ಮೇಲೆ ಆ ಮಂಕರಿ. ಹಿಂದೆ ನಾನು, ಮಜ್ಜಿಗೆ ಪಾತ್ರೆ ಹಿಡಿದುಕೊಂಡು. ನಾಲೆ ದಾಟಿದೆವು, ಗದ್ದೆ ಬದುವಿನ ಮೇಲೆ ಬಂದೆವು. ಬದು ಅಂದರೆ ಒಂದು ಪಾದಕ್ಕಾಗುವಷ್ಟು ಮಣ್ಣಿನ ಏರಿ, ಎರಡೂ ಕಡೆ ಕೆಸರು, ಮೇಲೆ ಜಾರುವ ಹುಲ್ಲು. ಅವ್ವ ದಿನಾ ನಡೆಯುವ ಜಾಗವೇ. ಅರ್ಧ ದೂರ ಬಂದಿದ್ದೆವು, ಆಚೆ ಮಡಿಯಿಂದ ಚಿಕ್ಕಪ್ಪ ಕೂಗಿದ. ನೊಗದ ಹಗ್ಗ ಹರಿದುಹೋಗಿತ್ತಂತೆ.

"ಅತ್ಗೇ, ಸಂತೆಯಿಂದ ತಂದ ಅಗ್ಗ ಎಲ್ಲಿ ಮಡ್ಗಿದ್ದೀ?"

ಅವ್ವ ಅಟ್ಟದ ಮೇಲೆ ಅಂದಳು. ಮರುಕ್ಷಣ, ಅಲ್ಲಲ್ಲ, ವಾಡೆ ಹಿಂದೆ ಅಂದಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಆದರೂ ಅವಳು ಏನು ಮಾಡುತ್ತಿದ್ದಾಳೆ ಅಂತ ಗೊತ್ತಾಯಿತು. ಕಾಲು ಬದುವಿನ ಮೇಲಿತ್ತು, ಅವಳು ಮಾತ್ರ ಮನೆಗೆ ಹೋಗಿ ಅಟ್ಟ ಹತ್ತಿ, ಇಳಿದು, ವಾಡೆ ಹಿಂದೆ ಬಗ್ಗಿ ಹಗ್ಗ ಹುಡುಕುತ್ತಿದ್ದಳು. ಬಲಗಾಲು ಹುಲ್ಲಿನ ಮೇಲೆ ಜಾರಿತು. ಮಂಕರಿ ಮೊದಲು ಬಿತ್ತು, ಅವ್ವ ಆಮೇಲೆ. ಸಾರು ಕೆಸರಿನಲ್ಲಿ ಕಲಸಿಹೋಯಿತು, ಹಿಟ್ಟುಗಳು ಹೊಸದಾಗಿ ನಾಟಿ ಮಾಡಿದ ಪೈರಿನ ಮೇಲೆ ಉರುಳಿ ಮುಳುಗಿದವು.

ಹಾಡು ನಿಂತಿತು. ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿಕೊಂಡು ನೋಡಿದರು. ಹೊತ್ತು ನೆತ್ತಿಗೆ ಬಂದಿತ್ತು, ಬೆಳಿಗ್ಗೆಯಿಂದ ಕೆಸರಲ್ಲಿ ಬಗ್ಗಿದವರಿಗೆ ಹಸಿವು ಎಷ್ಟಿರಬೇಡ. ನಮ್ಮ ಕಡೆ ನಾಟಿಯವರಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕದ ಮನೆಗೆ ಮಾರನೆ ದಿನ ಯಾರೂ ಬರುವುದಿಲ್ಲ. ಮೇಲಿನ ಗದ್ದೆಯವರು ನಾಳೆಗೆ ಬರ್ರವ್ವ ಅಂತ ಆಗಲೇ ಕರೆದು ಹೋಗಿದ್ದರು. ಅವರು ಹೋದರೆ ನಮ್ಮದು ಅರ್ಧ ಗದ್ದೆ ಹಾಗೇ ನಿಲ್ಲುತ್ತದೆ, ಕಿತ್ತಿಟ್ಟ ಪೈರು ಬಾಡುತ್ತದೆ. ಇದೆಲ್ಲ ಅಜ್ಜಿಯ ತಲೆಯಲ್ಲಿ ಒಂದೇ ಸಲ ಬಂದಿರಬೇಕು. ಕೊಡೆ ಮಡಚಿಕೊಂಡು ಎದ್ದು ಬಂದವಳೇ, ಅನ್ನಪೂರ್ಣೆನ ಮಣ್ಣಿಗೆ ಹಾಕಿದೆಯಲ್ಲ, ನೆಟ್ಟಗೆ ನಡೆಯೋಕೂ ಬರಕಿಲ್ವಾ ನಿಂಗೆ ಅಂತ ಎಲ್ಲರ ಮುಂದೆ ಅಂದುಬಿಟ್ಟಳು. ಅವ್ವನಿಗೆ ಏಟೇನೂ ಆಗಿರಲಿಲ್ಲ. ಆದರೂ ಕೆಸರಿನಿಂದ ಏಳಲಿಲ್ಲ. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಾಕು ಕೆಲ್ಸ ಮಾಡೋಳು ಅಂತೀರಿ. ನಂಗೆ ಒಂದೂ ಬರಕಿಲ್ಲ ಕಣತ್ತೆ. ಇನ್ಮ್ಯಾಕೆ ನಾನು ಮಂಕ್ರಿ ಹೊರಕಿಲ್ಲ."

ಅಪ್ಪ ಗದ್ದೆಯ ಆ ತುದಿಯಲ್ಲಿದ್ದ. ಪೈರಿನ ಕಟ್ಟನ್ನು ಕೆಳಗಿಟ್ಟು ಬದುವಿನ ಮೇಲೆ ನಡೆದು ಬಂದ. ಬರುವಾಗ ಒಂದು ಮಾತಿಲ್ಲ. ಅಯ್ಯೋ ಅನ್ನಲಿಲ್ಲ, ಏನಾಯ್ತು ಅನ್ನಲಿಲ್ಲ. ಅಷ್ಟು ಜನರ ಮುಂದೆ ಅವನು ಅಷ್ಟು ನಿಧಾನವಾಗಿ ಬರುವುದನ್ನು ನೋಡಿ ನನಗೆ ಜೀವ ಹೋದ ಹಾಗಾಯಿತು. ಬಂದು ಅವ್ವನ ಕೈ ಹಿಡಿದು ಎಬ್ಬಿಸಿದ. ಎಬ್ಬಿಸಿದ ಮೇಲೆ ಅಜ್ಜಿಯ ಕಡೆ ತಿರುಗಿ, ಎರಡು ಪಾದ ಜೋಡಿಸಿ ನಿಂತ. ಆಗ ಮಾತಾಡಿದ.

"ಇಟ್ಟು ತೊಳಸೋವಾಗ ಯಾರೂ ಮಾತಾಡಿಸಬ್ಯಾಡಿ ಅನ್ನೋಳು ನೀನೆಯ. ಗಂಟಾದ್ರೆ ತೊಳಸಿದೋರ್ನ ಬಯ್ಯಕಿಲ್ಲ, ಮಾತಾಡಿಸಿದೋರ್ನ ಬಯ್ತೀಯ. ಒಲೆ ಮ್ಯಾಗೆ ಇದ್ರೆ ಒಂದು ನ್ಯಾಯ, ತಲೆ ಮ್ಯಾಗೆ ಇದ್ರೆ ಇನ್ನೊಂದು ನ್ಯಾಯವಾ? ಕೇಳಿದೋನದು ತಪ್ಪು. ಇವಳದಲ್ಲ."

ಅಜ್ಜಿಯ ಎದುರಿಗೆ ಅಪ್ಪ ಅಷ್ಟು ಉದ್ದ ಮಾತಾಡಿದ್ದು ಯಾರೂ ಕೇಳಿರಲಿಲ್ಲ. ಕಾನೂನು ಅವಳದೇ, ಅದನ್ನು ಅವಳು ತಳ್ಳಿಹಾಕುವ ಹಾಗಿರಲಿಲ್ಲ. ಏನೇ ಅನ್ನಿ, ಮುಂಗೋಪಿಯಾದರೂ ಅಜ್ಜಿ ನ್ಯಾಯವಂತೆ. ಸೊಸೆಯ ಸೀರೆಗೆ ಮೆತ್ತಿದ್ದ ಕೆಸರನ್ನು ಕೈಯಿಂದ ಒರೆಸಿದಳು. ಚಿಕ್ಕಪ್ಪ ಅಷ್ಟರಲ್ಲಿ ಮಂಡಿಯವರೆಗೆ ಕೆಸರು ಮಾಡಿಕೊಂಡು ಓಡಿಬಂದಿದ್ದ. ನಂದೇ ತಪ್ಪು ಕಣತ್ಗೆ ಅಂದ. ಅಪ್ಪ ಸಣ್ಣಮ್ಮನಿಗೆ, ಒಂದು ಗಳಿಗೆ ತಡೀರವ್ವ ಅಂದ, ಸಣ್ಣಮ್ಮ ನಾನು ತಂದಿದ್ದ ಮಜ್ಜಿಗೆಯನ್ನು ಎಲ್ಲರಿಗೂ ಹಂಚಿ ನೆರಳಿಗೆ ಕೂರಿಸಿದಳು. ನಾವು ಐದೂ ಜನ ಮನೆಗೆ ಬಂದೆವು.

ಆ ಎರಡನೇ ಅಡುಗೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಚಿಕ್ಕಪ್ಪ ಒಲೆ ಹಚ್ಚಿದ, ದೊಡ್ಡ ಪಾತ್ರೆಯಲ್ಲಿ ನೀರಿಟ್ಟ. ಅವ್ವ ಸೊಪ್ಪು ಬೇಯಲು ಹಾಕಿ ಉಪ್ಸಾರಿಗೆ ಖಾರ ಅರೆಯಲು ಕೂತಳು. ಹಿಟ್ಟು ತೊಳಸಿದ್ದು ಅಪ್ಪ. ಅವನಿಗೆ ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಪಾತ್ರೆಯನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು, ದೊಣ್ಣೆಯನ್ನು ಎರಡು ಕೈಯಲ್ಲಿ ಹಿಡಿದು, ತಲೆ ಎತ್ತದೆ ತಿರುವಿದ. ಅಜ್ಜಿ ಬಿಸಿ ಬಿಸಿ ಹಿಟ್ಟು ಕಟ್ಟಿದಳು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಉಪ್ಪೆಲ್ಲಿ ಅಂತ ಕೇಳಲಿಲ್ಲ, ಎದ್ದು ತೆಗೆದುಕೊಂಡರು. ರುಬ್ಬುಗಲ್ಲಿನ ಸದ್ದು, ಬೆಂಕಿಯ ಸದ್ದು, ಗೋಡೆಯಾಚೆ ಹಸುವಿನ ಉಸಿರು, ಅಷ್ಟೇ. ಚಿಕ್ಕಪ್ಪನೂ ಬಾಯಿ ಮುಚ್ಚಿಕೊಂಡಿದ್ದ ಅಂದರೆ ನೋಡಿ. ಬೆಳಿಗ್ಗೆಯೆಲ್ಲ ಹಿಡಿದಿದ್ದ ಅಡುಗೆ ಈ ಸಲ ಹೇಗೆ ಅಷ್ಟು ಬೇಗ ಮುಗಿಯಿತೋ ನನಗೆ ಅರ್ಥವೇ ಆಗಲಿಲ್ಲ. ಕೈಗಳು ಅವೇ, ಒಲೆಯೂ ಅದೇ.

ಮಂಕರಿ ತುಂಬಿದ ಮೇಲೆ ಚಿಕ್ಕಪ್ಪ ತಾನು ಹೊರುತ್ತೇನೆ ಅಂತ ಸಿಂಬಿಗೆ ಕೈ ಹಾಕಿದ. ಅವ್ವ ಅವನ ಕೈಯಿಂದ ಸಿಂಬಿ ಕಿತ್ತುಕೊಂಡಳು. ಹೊರುವುದಿಲ್ಲ ಅಂದವಳು ತಾನೇ ಹೊತ್ತಳು. ಬದುವಿನ ಮೇಲೆ ಅವ್ವ ಮುಂದೆ, ಹಿಂದೆ ನಾವೆಲ್ಲ. ನೆರಳಲ್ಲಿ ಕೂತಿದ್ದ ಹೆಂಗಸರು ನಮ್ಮನ್ನು ನೋಡಿ ಮಾತು ನಿಲ್ಲಿಸಿದರು. ಅವ್ವ ಬಿದ್ದ ಜಾಗ ಬಂತು. ಅಜ್ಜಿ ನನ್ನ ಭುಜ ಹಿಡಿದುಕೊಂಡಿದ್ದಳು, ಅವಳ ಬೆರಳು ಒತ್ತುವುದು ಗೊತ್ತಾಗುತ್ತಿತ್ತು. ಅವ್ವ ಆ ಜಾಗ ದಾಟಿದಳು, ಬದು ಮುಗಿಸಿದಳು, ಸಣ್ಣಮ್ಮ ಕೈ ಕೊಟ್ಟು ಮಂಕರಿ ಇಳಿಸಿದಳು. ಇಳಿಸಿದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡಿದರು, ಸಂತೆಯ ಹಾಗೆ. ಉಂಡು ಕೈ ತೊಳೆದು ಗದ್ದೆಗೆ ಇಳಿಯುವ ಮುಂಚೆ ಸಣ್ಣಮ್ಮ ಅವ್ವನಿಗೆ, ನಾಳೀಕೂ ಬತ್ತೀವಿ ಕಣವ್ವ, ಇಂಥ ಇಟ್ಟು ಬಿಟ್ಟು ಎಲ್ಲಿಗೋಗಾನ ಅಂದಳು. ಅದು ಅಪ್ಪ ತೊಳಸಿದ ಹಿಟ್ಟು ಅಂತ ಅವ್ವ ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ.

ಅಂದಿನಿಂದ ಅಜ್ಜಿಯ ಕಾನೂನು ಒಲೆಯಿಂದ ಎದ್ದು ಮನೆಯೆಲ್ಲ ಹರಡಿತು. ಯಾರನ್ನಾದರೂ ಏನಾದರೂ ಕೇಳುವ ಮುಂಚೆ ಅವರ ಕೈ ನೋಡಬೇಕು, ಕಾಲು ನೋಡಬೇಕು. ನೀರಿನ ಕೊಡ ಹೊತ್ತವರನ್ನು, ಅಟ್ಟ ಹತ್ತುವವರನ್ನು, ಹಾಲು ಕರೆಯುವವರನ್ನು ಮಾತಾಡಿಸುವ ಹಾಗಿಲ್ಲ. ಚಿಕ್ಕಪ್ಪ ಇದನ್ನೂ ಆಟ ಮಾಡಿಕೊಂಡ. ಅವ್ವ ಕೊಡ ಹೊತ್ತು ಬರುತ್ತಿದ್ದರೆ ಎದುರಿಗೆ ಕೈ ಕಟ್ಟಿ ನಿಂತು, ಕೊಡ ಇಳಿಯುವವರೆಗೆ ಕಾದು, ಅತ್ಗೆ ಈಗ ಕೇಳಬೋದಾ ಅನ್ನುವನು. ಕೇಳುವುದು ಏನೂ ಇರುತ್ತಿರಲಿಲ್ಲ. ಅವ್ವ ನಗಬೇಕು, ಅಷ್ಟೇ.

ನಾನು ಆಗ ಅವ್ವನ ಕೈ ಗಮನಿಸಲು ಶುರು ಮಾಡಿದೆ. ಬೆಳಿಗ್ಗೆ ನನಗೆ ಜಡೆ ಹಾಕುವಾಗ ಅಜ್ಜಿ ಏನೋ ಕೇಳಿದರೆ ಅವ್ವ ಉತ್ತರ ಕೊಡುತ್ತಿದ್ದಳು, ಆದರೆ ಆ ಹೊತ್ತಿಗೆ ಬಾಚಣಿಗೆ ನನ್ನ ಕೂದಲಲ್ಲೇ ನಿಂತಿರುತ್ತಿತ್ತು. ಉತ್ತರ ಮುಗಿದ ಮೇಲೆ ಮತ್ತೆ ಓಡುತ್ತಿತ್ತು. ಮತ್ತೊಂದು ಪ್ರಶ್ನೆ, ಮತ್ತೆ ನಿಂತಿತು. ಅದಕ್ಕೇ ನನ್ನ ಜಡೆಗೆ ಅಷ್ಟು ಹೊತ್ತು ಹಿಡಿಯುತ್ತಿದ್ದದ್ದು, ಅದಕ್ಕೇ ಹಾಲು ಉಕ್ಕುತ್ತಿದ್ದದ್ದು. ಅವ್ವ ನಾಲ್ಕು ಕೆಲಸವನ್ನು ಒಟ್ಟಿಗೆ ಮಾಡುತ್ತಲೇ ಇರಲಿಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುತ್ತಿದ್ದಳು, ಹಾರಿ ಹಾರಿ ದಣಿಯುತ್ತಿದ್ದಳು. ಅವಳೂ ಅಪ್ಪನ ಹಾಗೆಯೇ ನಿಲ್ಲುತ್ತಿದ್ದಳು, ಚೂರು ಚೂರಾಗಿ, ಯಾರಿಗೂ ಕಾಣದ ಹಾಗೆ. ಅಪ್ಪ ಎಲ್ಲರಿಗೂ ಕಾಣುವ ಹಾಗೆ ನಿಲ್ಲುತ್ತಿದ್ದ, ಅಷ್ಟೇ ವ್ಯತ್ಯಾಸ. ಇದು ಹೊಳೆದ ದಿನ ನನಗೆ ಎಂಥ ಸಂತೋಷವಾಯಿತು ಅಂದರೆ, ಸ್ಕೂಲಿನಲ್ಲಿ ಇನ್ನು ಜಡೆ ಎಳೆಯುವ ಅಗತ್ಯವೇ ಇಲ್ಲ ಅನ್ನಿಸಿತು.

ನನ್ನನ್ನು ಸ್ಕೂಲಿಗೆ ಬಿಡುವುದು ಅಪ್ಪನ ಕೆಲಸವಾಗಿತ್ತು. ನಾಲೆ ಏರಿಯ ಮೇಲೆ ಹೋಗುವಾಗ ನಾನು ಬೇಕು ಅಂತಲೇ ಏನಾದರೂ ಕೇಳುತ್ತಿದ್ದೆ. ಮೀನು ನಿದ್ದೆ ಮಾಡ್ತದಾ ಅಪ್ಪ? ಅಪ್ಪ ನಿಲ್ಲುವನು, ಯೋಚಿಸುವನು, ಮಾಡ್ತದೆ ಕಣವ್ವ, ಕಣ್ಣು ಬಿಟ್ಕೊಂಡೇ ಮಾಡ್ತದೆ ಅನ್ನುವನು. ಮತ್ತೆ ನಡೆಯುವೆವು, ಮತ್ತೆ ಕೇಳುವೆನು. ಸ್ಕೂಲು ದೂರ ದೂರ ಹೋಗುತ್ತಿತ್ತು. ನಾಟಿ ಮುಗಿದ ಕೆಲವು ದಿನಕ್ಕೆ ಧೈರ್ಯ ಮಾಡಿ, ನೀನ್ಯಾಕೆ ಮಾತಾಡೋವಾಗ ನಿಂತ್ಕೋತೀಯ ಅಂತಲೇ ಕೇಳಿಬಿಟ್ಟೆ. ಅದಕ್ಕೂ ನಿಂತ. ನನ್ನ ಮುಖದ ಮಟ್ಟಕ್ಕೆ ಕೂತ.

"ನಡೀತಾ ಇದ್ರೆ ನಿನ್ನ ಮಾತು ಅರ್ಧ ಕೇಳ್ತದೆ ಮಗಾ. ನಂಗೆ ಪೂರ್ತಿ ಬೇಕು."

ಆವತ್ತು ಸ್ಕೂಲಿಗೆ ತಡವಾಗಿ ಹೋಗಿ ಹೊರಗೆ ನಿಂತೆ. ನಿಂತಷ್ಟು ಹೊತ್ತೂ ಖುಷಿಯಾಗಿದ್ದೆ.

ಡಾಕ್ಟರ ಹತ್ತಿರ ಹೋಗಿ ಬಂದ ವಾರದಲ್ಲಿ ಒಂದು ಸಂಜೆ ಸುಮ, ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ನಾನು ಮುನಿಸಿಕೊಂಡಿದ್ದೆ, ಅವಳಿಗೂ ಅದು ಗೊತ್ತಿತ್ತು. ಬೆಳಗಿನ ನಡಿಗೆಯ ಮಾತು ಎತ್ತಿದರೆ ಜಗಳವಾಗುತ್ತದೆ ಅಂತ, ಸುಮ್ಮನೆ ನಾಟಿಯ ದಿನದ ಕಥೆ ಹೇಳಿದೆ. ಮಂಕರಿ, ಹಗ್ಗ, ಬದು, ಅಪ್ಪ ಹೇಳಿದ ಮಾತು. ಕೇಳುತ್ತಾ ಕೇಳುತ್ತಾ ಅವಳ ಕೈ ನಿಂತುಹೋಯಿತು. ಸುಲಿಯದ ಕಾಯಿ ಒಂದು ಬೆರಳ ನಡುವೆ ಹಾಗೇ ಇತ್ತು. ನಾನು ಅದನ್ನು ನೋಡಿದೆ, ತೋರಿಸಲಿಲ್ಲ. ಕಥೆ ಮುಗಿದ ಮೇಲೆ ಅವಳು ಆ ಕಾಯಿಯನ್ನು ಮೊರಕ್ಕೆ ಹಾಕಿದಳು. ಆಮೇಲೆ, ಬೀಗದ ಕೈ ಕೇಳಿದ್ದು ನಾನಲ್ವಾ ಅಂದಳು. ಅವಳು ಹೆದರಿ ಫೋನು ಮಾಡುವವಳು, ದುರುದ್ದೇಶದಿಂದ ಅಲ್ಲ. ಚಿಕ್ಕಪ್ಪನಿಗೂ ದುರುದ್ದೇಶ ಇರಲಿಲ್ಲ. ಬೀಗದ ಕೈ ಅಂತೂ ದಿಂಬಿನ ಕೆಳಗೇ ಇತ್ತು.

ಭಾನುವಾರ ಬಂತು. ಹೇಳಿದ ಹಾಗೆ ಅವಳೂ ಚಪ್ಪಲಿ ಮೆಟ್ಟಿ ಹೊರಟಳು. ಗುಡಿಯ ಹಾದಿ ಹಿಡಿದು ಇಬ್ಬರೂ ನಡೆದೆವು. ಯಾವಾಗಲೂ ದಾರಿಯುದ್ದಕ್ಕೂ ಆಫೀಸಿನ ಪುರಾಣ ಹೇಳುವವಳು ಆವತ್ತು ಬಾಯಿ ಬಿಡಲಿಲ್ಲ. ರಸ್ತೆ ದಾಟುವಾಗ ನನ್ನ ಕೈಯನ್ನೂ ಹಿಡಿಯಲಿಲ್ಲ, ನಾನು ಎರಡೂ ಕಡೆ ನೋಡಿ ದಾಟುವುದನ್ನು ಹಿಂದಿನಿಂದ ನೋಡುತ್ತಿದ್ದಳು. ನನಗೆ ಪರೀಕ್ಷೆಗೆ ಕೂತ ಹಾಗಿತ್ತು, ಆದರೂ ಕಾಲು ಹಗುರವಾಗಿತ್ತು. ಮುಂದೆ ಕಪಿಲೆ ಕಂಡಿತು, ಎಳೆ ಬಿಸಿಲಿನಲ್ಲಿ ಜನ ಮುಳುಗು ಹಾಕುತ್ತಿದ್ದರು. ನದಿಯ ಮೆಟ್ಟಿಲು ಇನ್ನೂ ಒಂದಿಷ್ಟು ದೂರ ಇರುವಾಗ ಪಕ್ಕದಲ್ಲಿ ಅವಳ ಹೆಜ್ಜೆಯ ಸದ್ದು ಕೇಳಿಸದಾಯಿತು. ತಿರುಗಿ ನೋಡಿದೆ. ಸುಮ ನಿಂತಿದ್ದಳು, ಎರಡು ಪಾದ ಜೋಡಿಸಿಕೊಂಡು. ಅಜ್ಜನನ್ನು ಅವಳು ಕಣ್ಣಾರೆ ಕಂಡವಳೇ ಅಲ್ಲ. ನಾನೂ ನಿಂತೆ. ನಾನು ನಿಂತದ್ದನ್ನು ನೋಡಿಕೊಂಡು, ಆಮೇಲೆ ಕೇಳಿದಳು.

"ಅಮ್ಮ, ನಾಳೆಯಿಂದ ನೀನೊಬ್ಬಳೇ ಬರ್ತೀಯಾ? ನೀನು ಮನೆಗೆ ಬರೋವರೆಗೂ ನಾನು ಫೋನ್ ಮಾಡಲ್ಲ."

ನಿಂತುಕೊಂಡೇ ಹೇಳಿದೆ.

"ಬತ್ತೀನಿ ಕಣವ್ವ."

ಆಮೇಲೆ ಇಬ್ಬರೂ ಸುಮ್ಮನೆ ಮೆಟ್ಟಿಲಿಳಿದೆವು.